ನೈವೇದ್ಯಕ್ಕೆ ಮುಂಚೆ ಒಂದು ಲೋಟ ನೀರು

ಅಡುಗೆಯ ವೈಕುಂಠ ಹೇರ್ಳೆಯವರನ್ನು ಕೋಟ, ಸಾಲಿಗ್ರಾಮದ ಕಡೆ ಗೊತ್ತಿಲ್ಲದವರಿಲ್ಲ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರ ಮನೆಯಲ್ಲಿ ಉಪನಯನವಾಗಲಿ, ಗೃಹಪ್ರವೇಶವಾಗಲಿ, ಮೊದಲ ಫೋನು ಪುರೋಹಿತರಿಗೆ, ಎರಡನೆಯದು ಹೇರ್ಳೆಯವರಿಗೆ. ಬಿಜೂರಿನ ಒಬ್ಬ ದೊಡ್ಡ ಮನುಷ್ಯರು ಹೇರ್ಳೆಯವರಿಗೆ ಪುರುಸೊತ್ತಾಗುವ ದಿನ ನೋಡಿಕೊಂಡೇ ಮೊಮ್ಮಗನ ಉಪನಯನಕ್ಕೆ ಮುಹೂರ್ತ ಇಡಿಸಿದ್ದರು. ಗ್ರಹಗತಿಗಳು ಅದಕ್ಕೇನೂ ತಕರಾರು ಮಾಡಲಿಲ್ಲ.

ಅವರ ಅಡುಗೆ ರುಚಿಯೇ, ಆದರೆ ಜನ ಕರೆಯುತ್ತಿದ್ದದ್ದು ರುಚಿಗಿಂತ ಹೆಚ್ಚಾಗಿ ಮಡಿಗೆ. ಸಾಂಬಾರಿಗೆ ಉಪ್ಪು ಸಾಕೋ ಬೇಕೋ ಎಂದು ಅವರು ನಾಲಿಗೆಗೆ ಹಚ್ಚಿ ನೋಡಿದವರಲ್ಲ, ಕುದಿಯುವಾಗಿನ ಪರಿಮಳವೇ ಅವರಿಗೆ ಸಾಕಿತ್ತು. ಬೇರೆ ಅಡುಗೆಯವರು ಮೂಲೆಯಲ್ಲೊಂದು ಚಹಾದ ಪಾತ್ರೆ ಇಟ್ಟುಕೊಂಡು ಗಂಟೆಗೊಮ್ಮೆ ಹೀರುತ್ತಿದ್ದರೆ, ಹೇರ್ಳೆಯವರ ಒಲೆಯ ಹತ್ತಿರ ಅಂಥದ್ದು ಸುಳಿಯುವ ಹಾಗಿರಲಿಲ್ಲ. ಬೆಳಗಿನ ಜಾವ ಮಿಂದು ಬೆಂಕಿ ಹಾಕಿದರೆ, ಅಡುಗೆ ದೇವರಿಗೆ ನೈವೇದ್ಯವಾಗುವ ತನಕ ಅವರ ಗಂಟಲಿಗಾಗಲಿ, ಜೊತೆಗೆ ಕೆಲಸ ಮಾಡುವವರ ಗಂಟಲಿಗಾಗಲಿ ಒಂದು ಹನಿ ನೀರೂ ಇಳಿಯಬಾರದು. ಇದು ಅವರ ಅಪ್ಪಯ್ಯ ಒಲೆಯ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟದ್ದು. ಶಾಲೆ ಏಳನೆಯ ಕ್ಲಾಸಿಗೆ ಮುಗಿದ ಮೇಲೆ ಅವರು ಕಲಿತದ್ದೆಲ್ಲ ಆ ಒಲೆಯ ಮುಂದೆಯೇ. ನಡುವೆ ಕೆಲವು ಕಾಲ ಮುಂಬೈಯ ಹೋಟೆಲಿನಲ್ಲಿ ಇದ್ದು ಬಂದರು. ಅಲ್ಲಿ ದೋಸೆ ಹುಯ್ಯುವವನು ಬೀಡಿ ಸೇದುತ್ತ ಹುಯ್ಯುವುದನ್ನು ಕಂಡು ಬಂದ ಮೇಲಂತೂ ಮಡಿ ಇನ್ನಷ್ಟು ಬಿಗಿಯಾಯಿತು.

ಅಪ್ಪಯ್ಯ ತೀರಿಕೊಂಡಾಗ ತಮ್ಮ ಗೌರೀಶ ಇನ್ನೂ ಚಡ್ಡಿ ಹಾಕುತ್ತಿದ್ದ. ಅವನನ್ನು ಸಾಕಿದ್ದು, ಮದುವೆ ಮಾಡಿಸಿದ್ದು, ಸೌಟು ಹಿಡಿಸಿದ್ದು ಎಲ್ಲ ವೈಕುಂಠ ಹೇರ್ಳೆಯವರೇ. ಗೌರೀಶ ಬಾಯಿತುಂಬ ಮಾತಿನವನು, ಹೋಳಿಗೆ ತಟ್ಟುವುದರಲ್ಲಿ ಅಣ್ಣನನ್ನೂ ಮೀರಿಸಿದವನು. ಅಣ್ಣನ ಮಡಿಯನ್ನು ತಮಾಷೆ ಮಾಡುತ್ತಿದ್ದ, ಆದರೆ ಮುರಿಯುತ್ತಿರಲಿಲ್ಲ.

ಕರಾವಳಿಯ ಸೆಕೆಯ ಬಗ್ಗೆ ಒಂದು ಮಾತು ಹೇಳಬೇಕು. ಏಪ್ರಿಲ್ ಬಂತೆಂದರೆ ನಮ್ಮ ಜನ ಕ್ರಿಕೆಟ್ ಸ್ಕೋರ್ ಕೇಳುವ ಹಾಗೆ ಡಿಗ್ರಿ ಕೇಳುತ್ತಾರೆ. ಟೀವಿಯಲ್ಲಿ ಘಟ್ಟದ ಮೇಲಿನ ಊರುಗಳಿಗೆ ನಲವತ್ತೆರಡು, ನಲವತ್ಮೂರು ಎಂದು ಬಂದರೆ, "ನಮ್ ಮೂವತ್ತಾರ್ ಅವ್ರ್ ನಲ್ವತ್ಮೂರ್ಕೆ ಸಮ ಕಾಣಿ, ಇಲ್ಲ್ ಬೆವ್ರೇ ಒಣ್ಗತಿಲ್ಲೆ" ಎಂದು ಹೆಮ್ಮೆಪಡುತ್ತಾರೆ. ಮೊಬೈಲಿಗೆ ಎಚ್ಚರಿಕೆಯ ಮೆಸೇಜು ಬರುತ್ತದೆ: ಮಧ್ಯಾಹ್ನ ಹೊರಗೆ ಹೋಗಬೇಡಿ, ಪದೇಪದೇ ನೀರು ಕುಡಿಯಿರಿ. ಅದನ್ನು ಓದುವುದು ನಡುಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡು. ಓದಿದ್ದನ್ನು ಇನ್ನೂ ಹತ್ತು ಜನರಿಗೆ ಕಳಿಸಿ, ಕೆಲಸ ಮುಗಿಯಿತೆಂದು ಮೊಬೈಲನ್ನು ಜೇಬಿಗೆ ಹಾಕುತ್ತಾರೆ. ಸೆಕೆಯಿಂದ ಜನ ಸಾಯುವುದು ಟೀವಿಯಲ್ಲಿ ಮಾತ್ರ, ಅದೂ ಬೇರೆ ಊರಿನವರು. ತೆಂಗಿನಕಾಯಿ ಕೊಯ್ಯುವ ಚಂದು ಒಬ್ಬನೇ, ಬಿಸಿಲೇರಿದ ಮೇಲೆ ಮರ ಹತ್ತುವುದನ್ನು ಬಿಟ್ಟ. ಅವನಿಗೆ ಸೋಮಾರಿ ಎಂದು ಹೆಸರು ಬಂತು.

ಹೋದ ವರ್ಷ ಅಂಥದೇ ಸೆಕೆಯಲ್ಲಿ ಹಟ್ಟಿಯಂಗಡಿ ಕಡೆಯ ಒಂದು ಮನೆಯಲ್ಲಿ ಉಪನಯನ. ತಗಡಿನ ಚಪ್ಪರದ ಕೆಳಗೆ ಸಾಲಾಗಿ ಒಲೆಗಳು, ಗಾಳಿಯಿಲ್ಲ. ವಟುವಿನ ಸೋದರಮಾವ ಬರುವುದು ತಡವಾಗಿ ಮುಹೂರ್ತ ಜಾರಿತು, ಅದರ ಹಿಂದೆ ನೈವೇದ್ಯವೂ ಜಾರಿತು. ಗೌರೀಶ ಹೋಳಿಗೆಯ ಕಾವಲಿ ಬಿಟ್ಟು ಬಂದು, "ಅಣ್ಣ, ತಲಿ ಒಂದ್ ನಮೂನಿ ಆತ್ತ್. ಒಂದ್ ಗುಟುಕ್ ನೀರ್ ಕುಡಿತೆ" ಎಂದ. ಹೇರ್ಳೆಯವರು ಪಾಯಸದ ಕೊಪ್ಪರಿಗೆಯಿಂದ ತಲೆ ಎತ್ತದೆ, "ಈಗ ಆತ್ತ್ ಮಾರಾಯ, ನೈವೇದ್ಯ ಆಯ್ಲಿ" ಎಂದರು. ಗೌರೀಶ ನಕ್ಕು ಮತ್ತೆ ಕಾವಲಿಯ ಹತ್ತಿರ ಹೋದ. ಒಳಗೆ ದೇವರ ಮುಂದೆ ಗಂಟೆ ಬಾರಿಸುವಾಗ ಅವನು ನೆಲದ ಮೇಲಿದ್ದ. ಮೈ ಮುಟ್ಟಿದರೆ ಕಾದ ಓಡಿನ ಹಾಗೆ ಸುಡುತ್ತಿತ್ತು, ಬೆವರು ಮಾತ್ರ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದರೂ ಸಂಜೆಯ ಹೊತ್ತಿಗೆ ಮುಗಿಯಿತು.

ಹೇರ್ಳೆಯವರು ಏನನ್ನೂ ಮುಚ್ಚಿಡಲಿಲ್ಲ. ಅವನು ನೀರು ಕೇಳಿದ್ದು, ತಾನು ನೈವೇದ್ಯವಾಗಲಿ ಎಂದದ್ದು, ಎಲ್ಲವನ್ನೂ ಅಂಗಳದಲ್ಲಿ ನಿಂತವರೆದುರು ಹೇಳಿದರು. ಯಾರಾದರೂ ಬೈಯಬಹುದು ಎಂದುಕೊಂಡಿದ್ದರು. ಯಾರೂ ಬೈಯಲಿಲ್ಲ. "ನೀವಾದ್ರೂ ಎಂತ ಮಾಡೂಕ್ ಆತಿತ್ತ್? ಮಡಿ ಅಂದ್ರೆ ಮಡಿ" ಎಂದರು ನೆಂಟರು. ಆಯುಷ್ಯ ಅಷ್ಟೇ ಇತ್ತು ಎಂದರು ನೆರೆಯವರು. ಗೌರೀಶನ ಹೆಂಡತಿ ಯಾಮಿನಿಯೂ, "ನೀವ್ ಬೇಕಂತ ಮಾಡ್ದ್ ಅಲ್ಲ ಅಲ್ದಾ ಭಾವಯ್ಯ" ಎಂದಳು. ಎಲ್ಲರೂ ಹೀಗೆ ಒಂದೇ ದನಿಯಲ್ಲಿ ತಪ್ಪಿಲ್ಲವೆಂದುಬಿಟ್ಟ ಮೇಲೆ ಹೇರ್ಳೆಯವರಿಗೆ ಅಳುವುದಕ್ಕೂ ಕಾರಣ ಉಳಿಯಲಿಲ್ಲ.

ಸೂತಕ ಕಳೆದದ್ದೇ ಮತ್ತೆ ಕೆಲಸಕ್ಕೆ ಹೋದರು. ಕೆರಾಡಿಯಲ್ಲಿ ಗೃಹಪ್ರವೇಶ, ಬಿಜೂರಿನಲ್ಲಿ ಸತ್ಯನಾರಾಯಣ ಪೂಜೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಊಟ ಮಾಡಿದವರು ಚೆನ್ನಾಗಿತ್ತು ಎಂದರೆ ತಲೆಯಾಡಿಸುತ್ತಿದ್ದರು. ಮಳೆ ಬಂತು, ಅವರಿಗೆ ತಂಪೆನಿಸಲಿಲ್ಲ. ಮಳೆ ಹೋಯಿತು, ಚಳಿಯೆನಿಸಲಿಲ್ಲ. ಒಮ್ಮೆ ಎಣ್ಣೆ ಸಿಡಿದು ಮೊಣಕೈ ಸುಟ್ಟದ್ದು, ಹೆಂಡತಿ ಅಮ್ಮಣ್ಣಿ ರಾತ್ರಿ ಬಡಿಸುವಾಗ ನೋಡಿ ಹೇಳಿದ ಮೇಲೆ ಗೊತ್ತಾಯಿತು. "ನೋಯತ್ತಾ?" ಎಂದು ಕೇಳಿದರೆ, "ಇಲ್ಲೆ" ಎಂದರು. ಅದು ಸುಳ್ಳಾಗಿರಲಿಲ್ಲ. ಯಾಮಿನಿ ಕೋಟ ಪೇಟೆಯ ಹೊಲಿಗೆ ಅಂಗಡಿಗೆ ಹೋಗತೊಡಗಿದಳು, ಅವಳ ಮಗ ಶೈಲೇಶ ಕುಂದಾಪುರದ ಮೊಬೈಲ್ ಅಂಗಡಿಗೆ. ಒಂದೇ ಅಂಗಳದ ಎರಡು ಮನೆಯವರು ಎದುರುಬದುರಾದಾಗ ಸೆಕೆಯ ವಿಷಯ, ಬಾವಿಯ ನೀರಿನ ವಿಷಯ ಮಾತಾಡಿಕೊಳ್ಳುತ್ತಿದ್ದರು.

ಹೀಗೆ ವರ್ಷ ತಿರುಗಿ ಗೌರೀಶನ ವರ್ಷಾಂತಿಕ, ಮೊದಲ ವರ್ಷದ ಶ್ರಾದ್ಧ, ಬಂತು. ಹೊರಗಿನ ಅಡುಗೆಯವರನ್ನು ಕರೆಯುವ ಮಾತೇ ಇರಲಿಲ್ಲ. ಹೇರ್ಳೆಯವರು ಮತ್ತು ಅಮ್ಮಣ್ಣಿ ಸೇರಿ ಅಡುಗೆ ಮಾಡುವುದೆಂದಾಯಿತು. ಶ್ರಾದ್ಧದ ಅಡುಗೆಯೆಂದರೆ ಮಡಿಯಲ್ಲಿ ಮಡಿ. ಬಾವಿಕಟ್ಟೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಕಟ್ಟಿಗೆಯ ಒಲೆಯ ಮುಂದೆ ಕೂರಬೇಕು, ಶ್ರಾದ್ಧ ನಡೆಯುವುದು ಮಧ್ಯಾಹ್ನ ಹೊರಳಿದ ಮೇಲೆ, ಕರೆದ ಬ್ರಾಹ್ಮಣರ ಊಟವಾಗುವ ತನಕ ಮನೆಯವರ ಹೊಟ್ಟೆಗೆ ಏನೂ ಇಲ್ಲ. ಹೇರ್ಳೆಯವರ ಮನೆಯಲ್ಲಿ ಏನೂ ಇಲ್ಲವೆಂದರೆ ನೀರೂ ಇಲ್ಲ. ಅಮ್ಮಣ್ಣಿಗೆ ರಕ್ತದೊತ್ತಡ, ಬೆಳಿಗ್ಗೆ ಮಾತ್ರೆ ನುಂಗಬೇಕು. ನೀರಿಲ್ಲದೆ ನುಂಗುವುದು ಹೇಗೆ? ಅವತ್ತು ಮಾತ್ರೆ ಡಬ್ಬಿಯಲ್ಲೇ ಉಳಿಯಿತು.

ಆ ವಾರವಿಡೀ ಎಚ್ಚರಿಕೆ ಬರುತ್ತಲೇ ಇತ್ತು. ಹಿಂದಿನ ದಿನ ಶೈಲೇಶ ಮೊಬೈಲಿನಲ್ಲಿ ಬಂದದ್ದನ್ನು ಓದಿ ಹೇಳಿದ: ಕರಾವಳಿಯಲ್ಲಿ ಇನ್ನೂ ಕೆಲವು ದಿನ ಬಿಸಿ ಹೆಚ್ಚು, ವಯಸ್ಸಾದವರು ಜಾಗ್ರತೆ. "ದೊಡ್ಡಮ್ಮ, ನೀವ್ ನೀರಾದ್ರೂ ಕುಡಿನಿ" ಎಂದ. ಅಮ್ಮಣ್ಣಿ ನಕ್ಕುಬಿಟ್ಟರು. "ನಿನ್ನ್ ಅಪ್ಪಯ್ಯನ್ ಕಾರ್ಯಕ್ಕೆ ನಾನ್ ಮಡಿ ಕೆಡ್ಸೂದಾ? ಒಂದ್ ದಿನಕ್ಕ್ ಎಂತ ಆತಿಲ್ಲೆ" ಎಂದರು. ಹೋದ ವರ್ಷ ಒಂದೇ ದಿನಕ್ಕೆ ಆದದ್ದು ಯಾರಿಗೂ ನೆನಪಾಗಲಿಲ್ಲ ಎಂದಲ್ಲ. ನೆನಪಾಗಿಯೂ ಯಾರೂ ಆಡಲಿಲ್ಲ, ಪಕ್ಕದಲ್ಲೇ ಕೂತಿದ್ದ ಹೇರ್ಳೆಯವರೂ ಆಡಲಿಲ್ಲ.

ಶ್ರಾದ್ಧದ ದಿನ ಪುರೋಹಿತರಾದ ವೆಂಕಟ ಉಪಾಧ್ಯರು ಬರುವಾಗಲೇ ಬಿಸಿಲು ಏರಿತ್ತು. ಅವರು ಬೇರೆ ಎರಡು ಮನೆ ಮುಗಿಸಿ ಬಂದಿದ್ದರು. ಚಾವಡಿಯಲ್ಲಿ ಶೈಲೇಶ ದರ್ಭೆಯ ಪವಿತ್ರ ಹಾಕಿಕೊಂಡು ಅವರ ಮುಂದೆ ಕೂತ. ಯಾಮಿನಿ ಅಡುಗೆಮನೆಯ ಹಿಂಬಾಗಿಲಿನ ಆಚೆ ಬಾಳೆಯೆಲೆ ಒರೆಸುತ್ತಿದ್ದಳು. ಒಳಗೆ ಕಿಟಕಿ ಒಂದೇ. ಹೊಗೆ ಹೊರಗೆ ಹೋಗಲಾರದೆ ಮಾಡಿನ ಕೆಳಗೇ ಸುತ್ತುತ್ತಿತ್ತು. ಬಾಳೆಕಾಯಿಯ ಪಲ್ಯವಾಯಿತು, ಪಾಯಸವಾಯಿತು, ಸುಕ್ರುಂಡೆಯಾಯಿತು. ವಡೆ ಒಂದು ಬಾಕಿಯಿತ್ತು. ಅಮ್ಮಣ್ಣಿ ಎಣ್ಣೆಯ ಬಾಣಲೆಯ ಮುಂದೆ ಕೂತು ತಟ್ಟಿ ತಟ್ಟಿ ಬಿಡುತ್ತಿದ್ದರು. ಮಿಂದು ಉಟ್ಟ ಸೀರೆ ಯಾವಾಗಲೋ ಒಣಗಿತ್ತು.

ಹೇರ್ಳೆಯವರು ಅನ್ನ ಬಸಿದು ತಿರುಗಿದಾಗ ಅಮ್ಮಣ್ಣಿ ಹಿಟ್ಟನ್ನು ಎಲೆಯ ಮೇಲೆ ತಟ್ಟುವ ಬದಲು ಬರಿಯ ನೆಲದ ಮೇಲೆ ತಟ್ಟುತ್ತಿದ್ದರು.

"ಹೆಣೆ, ಎಂತ ಮಾಡ್ತಿದ್ದೆ?" ಎಂದು ಹೆಂಡತಿಯನ್ನು ಕರೆದರು.

ಅಮ್ಮಣ್ಣಿ ತಲೆ ಎತ್ತಿ ನೋಡಿದರು. ಗಂಡನ ಗುರುತು ಸಿಕ್ಕಿದ ಹಾಗೆ ಕಾಣಲಿಲ್ಲ. ಮುಖ ಕೆಂಪಗಿತ್ತು, ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಹೇರ್ಳೆಯವರು ಬಂದು ತೋಳು ಮುಟ್ಟಿದರು. ಆ ಬಿಸಿ ಅವರಿಗೆ ಗೊತ್ತಿದ್ದ ಬಿಸಿ. ಹೆಂಡತಿಯನ್ನು ಒಲೆಯಿಂದ ಎಳೆದು ಗೋಡೆಗೊರಗಿಸಿ, ಕೊಡದ ನೀರನ್ನು ತಲೆಯ ಮೇಲೆ ಸುರಿದರು. ಆಮೇಲೆ ಲೋಟದಲ್ಲಿ ನೀರು ತುಂಬಿ ಬಾಯಿಗೆ ಹಿಡಿದರು. ಅಮ್ಮಣ್ಣಿಗೆ ಅಷ್ಟು ಮಾತ್ರ ಪ್ರಜ್ಞೆ ಮರಳಿತ್ತು, ತುಟಿ ಬಿಗಿಹಿಡಿದರು.

"ಬ್ಯಾಡ. ಗೌರೀಶನ್ ಅಡ್ಗಿ ಕೆಡತ್ತ್."

"ಕುಡಿ."

"ನನ್ನಿಂದ ಕೆಡೂಕಾಗ."

ಹೇರ್ಳೆಯವರು ಆ ಲೋಟವನ್ನು ತಮ್ಮ ಬಾಯಿಗೆ ಕಚ್ಚಿಕೊಂಡು, ಹೆಂಡತಿ ನೋಡುತ್ತಿರುವ ಹಾಗೆ, ಗಟಗಟನೆ ಅರ್ಧ ಕುಡಿದರು. ಒಲೆಗೆ ಬೆಂಕಿ ಹಾಕಿದ ಮೇಲೆ ನೈವೇದ್ಯಕ್ಕೆ ಮುಂಚೆ ಅವರು ನೀರು ಕುಡಿದದ್ದು ಬದುಕಿನಲ್ಲಿ ಅದೇ ಮೊದಲು.

"ಕೆಟ್ಟಾಯ್ತ್. ನಾನ್ ಕೆಡ್ಸಿದ್ದ್. ಇನ್ನ್ ಕುಡಿ" ಎಂದರು.

ಅಮ್ಮಣ್ಣಿ ಕುಡಿದರು. ಮೊದಲು ಒಂದು ಗುಟುಕು, ಆಮೇಲೆ ಲೋಟವನ್ನು ಎರಡು ಕೈಯಲ್ಲೂ ಹಿಡಿದು. ಯಾಮಿನಿ ಬಾಗಿಲಿನಿಂದ ಓಡಿಬಂದು ಒದ್ದೆ ಸೆರಗಿನಿಂದ ಅವರ ಕುತ್ತಿಗೆ ಒರೆಸಿದಳು, ಮೊರದಿಂದ ಗಾಳಿ ಬೀಸಿದಳು. ಸ್ವಲ್ಪ ಹೊತ್ತಿನಲ್ಲಿ ಅಮ್ಮಣ್ಣಿ, "ವಡೆ ಸೀಯತ್ತ್ ಕಾಣಿ" ಎಂದರು. ಶೈಲೇಶ ಚಾವಡಿಯಿಂದ ಎದ್ದು, ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ರಿಕ್ಷಾಕ್ಕೆ ಫೋನು ಮಾಡಿದ.

ಹೇರ್ಳೆಯವರು ಕೈ ಒರೆಸಿಕೊಳ್ಳುತ್ತ ಚಾವಡಿಗೆ ಬಂದು ನಿಂತರು.

"ಉಪಾಧ್ಯರೆ, ತಪ್ಪಾಯ್ತ್. ಅಡ್ಗಿ ಮಾಡ್ತಾ ನೀರ್ ಕುಡ್ದೆ. ಇವಳಿಗೂ ಕುಡ್ಸಿದೆ. ಎಲ್ಲ ಚೆಲ್ಲಿ ಮೊದಲಿಂದ ಮಾಡ್ಕ್. ಹೊತ್ತಾತ್ತ್."

ಉಪಾಧ್ಯರು ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅವರದೇ ಸ್ಟೀಲಿನ ನೀರಿನ ಬಾಟಲಿಯಿತ್ತು.

"ನೀರಾ? ನೀರಿಗ್ ಎಂತ ದೋಷ ಹೇರ್ಳೆಯವ್ರೆ? ನೀರ್, ಹಾಲ್, ಮದ್ದ್ ತಕಂಡ್ರೆ ಉಪವಾಸವೇ ಮುರಿತಿಲ್ಲೆ. ಬಾಯಿ ಮುಕ್ಕಳ್ಸಿ, ಕೈಕಾಲ್ ತೊಳ್ಕಂಡ್ ಮುಂದೆ ಮಾಡಿ. ಚೆಲ್ಲೂದ್ ಎಂತಕ್ಕೆ?"

ಹೇರ್ಳೆಯವರು ಕೇಳಿದರು:

"ಶ್ರಾದ್ಧಕ್ಕೂ?"

"ಶ್ರಾದ್ಧಕ್ಕೂ."

"ಉಪನಯನದ್ ಅಡ್ಗಿಗೆ?"

"ಅದ್ಕಂತೂ ಕೇಳೂದೇ ಬ್ಯಾಡ" ಎಂದು ಉಪಾಧ್ಯರು ನಕ್ಕರು. ನಕ್ಕ ಮೇಲೆ, ತಾನು ಯಾರಿಗೆ, ಯಾರ ಶ್ರಾದ್ಧದ ದಿನ ಇದನ್ನು ಹೇಳಿದೆ ಎಂಬುದು ಅವರಿಗೆ ಹೊಳೆಯಿತು. ಬೀಸಣಿಗೆ ನಿಂತಿತು. ಶೈಲೇಶ ಬೆರಳಿನ ಪವಿತ್ರವನ್ನು ತಿರುಗಿಸುತ್ತ ನೆಲ ನೋಡಿದ.

ಅಡುಗೆಮನೆಯ ಬಾಗಿಲಲ್ಲಿ ಯಾಮಿನಿ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಹೊಲಿಗೆಯ ಅಳತೆ ಕೇಳುವಷ್ಟೇ ಮೆತ್ತಗೆ ಕೇಳಿದಳು.

"ಉಪಾಧ್ಯರ ಹತ್ರ ಕೇಳಿರೆ ಹೇಳ್ತಿದ್ರ್, ಅಲ್ದಾ ಭಾವಯ್ಯ?"

"ಹೌದ್" ಎಂದರು ಹೇರ್ಳೆಯವರು. "ನಾನ್ ಕೇಳ್ಲಿಲ್ಲೆ."

ಅವರು ಕಂಬ ಹಿಡಿದು ಕೆಳಗೆ ಕೂತರು. ವರ್ಷವಿಡೀ ಬಾರದ ನೋವು ಈಗ ಬಂತು, ಅದು ಎಷ್ಟು ದೊಡ್ಡದೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಮ್ಮನ ಹೆಸರು ಹೇಳಿ, ಬಂದ ಬ್ರಾಹ್ಮಣರೆದುರು, ಹುಡುಗನೆದುರು, ಅವರು ಬಾಯಿಬಿಟ್ಟು ಅತ್ತರು. ಯಾರೂ ಈ ಸಲ ಆಯುಷ್ಯ ಅಷ್ಟೇ ಇತ್ತು ಎನ್ನಲಿಲ್ಲ. ಯಾಮಿನಿ ಒಳಗೆ ಹೋಗಿ, ಒಲೆಯ ಮುಂದೆ ಕೂತು, ಉಳಿದ ವಡೆಗಳನ್ನು ಎಣ್ಣೆಗೆ ಬಿಡತೊಡಗಿದಳು.