ಗೊತ್ತಿಲ್ಲದ ಭಾಷೆಯಲ್ಲಿ ಕೊಟ್ಟ ಮಾತು

ನರ್ಸ್ ಕೆಲಸ ಮಾಡಿದವರಿಗೆ ಇಂಥದ್ದರಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಉಡುಪಿಯಲ್ಲಿ ತರಬೇತಿಯಲ್ಲಿದ್ದಾಗ, ಮೈಮೇಲೆ ಏನೋ ಬಂದಿದೆಯೆಂದು ಹೆಂಗಸರನ್ನು ವಾರ್ಡಿಗೆ ಕರೆತರುತ್ತಿದ್ದರು. ಅವರ ದನಿ ಬದಲಾಗಿರುತ್ತಿತ್ತು, ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿದರೆ ಬೆಳಿಗ್ಗೆ ಎದ್ದು ಗಂಜಿ ಕೇಳುತ್ತಿದ್ದರು. ಮನೆಯಲ್ಲಿ ಒಂದು ಗಳಿಗೆ ಕೂರಲು ಬಿಡದಿದ್ದರೆ ಪಾಪ ಇನ್ನೇನು ಮಾಡಿಯಾರು ಎಂದು ನಮ್ಮ ಹಿರಿಯ ಸಿಸ್ಟರ್ ಹೇಳುತ್ತಿದ್ದರು. ನನಗೂ ಅದೇ ಸರಿ ಅನಿಸಿತ್ತು. ಈಗಲೂ ಆ ಹೆಂಗಸರ ವಿಷಯದಲ್ಲಿ ಅದೇ ಸರಿ ಅನಿಸುತ್ತದೆ. ನನ್ನ ವಿಷಯದಲ್ಲಿ ಮಾತ್ರ ಹಾಗೆ ಹೇಳಿ ಮುಗಿಸಲು ಬರುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ಗಂಡ ಮಸ್ಕತ್ತಿನಲ್ಲಿ ವಾದಿ ಅದಾಯ್‌ನ ಒಂದು ಕಾರು ಶೋರೂಮಿನ ಆಫೀಸಿನಲ್ಲಿದ್ದರು. ಅದೇ ರಸ್ತೆಯ ಒಂದು ಕಟ್ಟಡದಲ್ಲಿ ನಮ್ಮ ಮನೆ. ಮಗಳು ಆಗತಾನೇ ಶಾಲೆಗೆ ಹೋಗಲು ಶುರುಮಾಡಿದ್ದಳು. ಅಷ್ಟರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನನ್ನು ಆ ದೇಶದ ಉತ್ತರ ತುದಿಯ ಖಸಬ್‌ಗೆ ಹಾಕಿದರು. ಕೆಲಸ ಬಿಡುವ ಸ್ಥಿತಿ ನಮ್ಮದಲ್ಲ. ಊರಿನಿಂದ ನಾದಿನಿ ಬಂದು ಮಗಳನ್ನು ನೋಡಿಕೊಂಡಳು, ನಾನು ಸಣ್ಣ ವಿಮಾನವೊಂದರಲ್ಲಿ ಖಸಬ್‌ಗೆ ಹೋದೆ.

ಆ ಕರಾವಳಿಯನ್ನು ನೋಡಿದವರು ಮರೆಯುವುದಿಲ್ಲ. ಬೆಟ್ಟಗಳು ನೆಟ್ಟಗೆ ನೀರಿಗೆ ಇಳಿದಿವೆ. ಒಂದು ಮರವಿಲ್ಲ, ಹೆಜ್ಜೆ ಇಡುವಷ್ಟು ದಂಡೆಯಿಲ್ಲ. ಬೆಟ್ಟಗಳ ಸಂದಿಯಲ್ಲಿ ಸಮುದ್ರ ಕೈಚಾಚಿದ ಹಾಗೆ ಒಳಗೆ ನುಗ್ಗಿದೆ. ಅದಕ್ಕೆ ಅಲ್ಲಿ ಖೋರ್ ಎನ್ನುತ್ತಾರೆ. ಅಂಥ ಖೋರ್‌ಗಳ ಮೂಲೆಯಲ್ಲಿ ಒಂದೊಂದು ಸಣ್ಣ ಹಳ್ಳಿ. ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಮಕ್ಕಳಿಗೆ ಲಸಿಕೆ ಹಾಕಲು, ಗಾಯ ತೊಳೆಯಲು ನಾವು ಆಗಾಗ ಲಾಂಚಿನಲ್ಲಿ ಹೋಗುತ್ತಿದ್ದೆವು. ನನ್ನ ಜೊತೆ ಸಲ್ಮಾ ಎಂಬ ಅಲ್ಲಿಯವಳೇ ಆದ ಸಹಾಯಕಿ ಇರುತ್ತಿದ್ದಳು. ನನಗಿಂತ ದೊಡ್ಡವಳು, ಮಾತು ಕಮ್ಮಿ. ಲಾಂಚ್ ನಡೆಸುವವನು ಅವಳ ಅಣ್ಣ ಹಸನ್. ಸಲ್ಮಾಳಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ನನ್ನ ಅರಬ್ಬಿ ಮುಗಿಯಿತು, ನಡಿ ಎನ್ನುವ ಖಲಾಸ್, ಯಲ್ಲಾಗಳ ಮುಂದಕ್ಕೆ ಹೆಚ್ಚು ಹೋಗಿರಲಿಲ್ಲ, ಹಾಗಾಗಿ ನಮ್ಮ ವ್ಯವಹಾರವೆಲ್ಲ ಹಿಂದಿಯಲ್ಲೇ.

ಚಳಿಗಾಲದ ಒಂದು ದಿನ ನಾನು ಅದುವರೆಗೆ ಹೋಗಿರದ ಒಂದು ಹಳ್ಳಿಗೆ ಹೊರಟೆವು. ಅದರ ಹೆಸರು ಬರೆಯುವುದಿಲ್ಲ, ಆ ಜನ ಅಲ್ಲೇ ಇದ್ದಾರೆ. ಅಲ್ಲಿಯ ಮಾತು ಅರಬ್ಬಿಯಲ್ಲ, ಪಾರ್ಸಿಯೂ ಅಲ್ಲ, ತಮ್ಮದೇ ಒಂದು ಭಾಷೆ ಎಂದು ಸಲ್ಮಾ ಹೇಳಿದಳು. ಅವಳ ತಾಯಿಯ ಊರು ಅದು. ದಾರಿಯಲ್ಲಿ ಡಾಲ್ಫಿನ್‌ಗಳು ಲಾಂಚಿನ ಪಕ್ಕ ಹಾರುತ್ತ ಬಂದವು. ಮಗಳಿಗೆ ಫೋನಿನಲ್ಲಿ ಹೇಳಬೇಕೆಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಲಸಿಕೆ ಮುಗಿಯಿತು. ಅಷ್ಟರಲ್ಲಿ ಬಡಗಣ ಗಾಳಿ ಎದ್ದಿತು. ಹಸನ್ ಬಂದು, ಈ ಗಾಳಿಯಲ್ಲಿ ಖೋರ್ ಬಾಯಲ್ಲಿ ಕಡಲಿಗೆ ಚಾಚಿದ ಮೂತಿ ಬೆಟ್ಟ ಸುತ್ತಿ ಹೋಗಲಾಗದು, ಬೆಳಗಿನವರೆಗೆ ಇಲ್ಲೇ ಎಂದ. ಮೂರು ಕಡೆ ಗೋಡೆಯಂಥ ಬೆಟ್ಟ, ಎದುರಿಗೆ ಕೆರಳಿದ ನೀರು. ಆದರೂ ಒಂದು ರಾತ್ರಿ ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಉಳಿದುಕೊಂಡದ್ದು ಸಲ್ಮಾಳ ತಾಯಿಯ ಕಡೆಯ ಒಬ್ಬ ಮುದುಕಿಯ ಮನೆಯಲ್ಲಿ. ಮರ್ಯಮ್ ಎಂದು ಅವರ ಹೆಸರು. ಕಣ್ಣು ಮಂಜಾಗಿತ್ತು, ಕಾಲಿನಲ್ಲಿ ಹಳೆಯ ಗಾಯ. ಸಂಜೆಯ ಬೆಳಕು ಇರುವಾಗಲೇ ಬಾಗಿಲ ಬಳಿ ಕೂತು ಗಾಯ ತೊಳೆಯತೊಡಗಿದೆ. ಸುತ್ತ ಹೆಂಗಸರು ಕೂತು ಮಾತಾಡುತ್ತಿದ್ದರು. ಯಾರೋ, ಈ ನರ್ಸಿನ ಕೈ ಎಷ್ಟು ತಣ್ಣಗಿದೆ ಎಂದರು. ದಿನವಿಡೀ ಐಸ್ ಪೆಟ್ಟಿಗೆಯಲ್ಲಿ ಕೈ ಹಾಕಿದರೆ ಇನ್ನೇನು ಎಂದೆ. ಎಲ್ಲರೂ ನಕ್ಕರು. ಸಲ್ಮಾ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಈ ಮಾತು ನಿನಗೆ ಯಾರು ಕಲಿಸಿದರು, ಸಿಸ್ಟರ್?" ಎಂದಳು.

ಯಾವ ಮಾತು ಎಂದು ಕೇಳಿದೆ. ಕೇಳುವಾಗ ನನ್ನ ಕಿವಿಗೇ ಬಿತ್ತು. ಬಾಯಿಂದ ಬರುತ್ತಿದ್ದುದು ಹಿಂದಿಯಲ್ಲ. ಅವಳು ಕೇಳಿದ್ದೂ ಹಿಂದಿಯಲ್ಲಲ್ಲ. ಗಾಯಕ್ಕೆ ಬಟ್ಟೆ ಸುತ್ತುತ್ತ ಎಷ್ಟು ಹೊತ್ತಿನಿಂದ ಆ ಹೆಂಗಸರ ಮಾತು ನನಗೆ ತಿಳಿಯುತ್ತಿತ್ತೋ ನಾನು ಗಮನಿಸಿಯೇ ಇರಲಿಲ್ಲ. ಒಬ್ಬಳ ಆಡು ಕಳೆದುಹೋದದ್ದು, ಇನ್ನೊಬ್ಬಳ ಸೊಸೆ ಬಸುರಿಯಾದದ್ದು, ಎಲ್ಲ ತಿಳಿದಿತ್ತು.

ಸಲ್ಮಾ ಹತ್ತಿರ ಬಂದು ಏನೋ ಹೇಳಿದಳು. ಈಗ ಅವಳು ಹಿಂದಿಯಲ್ಲಿ ಹೇಳುತ್ತಿದ್ದಾಳೆ ಎಂದು ತುಟಿ ನೋಡಿ ಊಹಿಸಿದೆ. ನನಗೆ ಅದು ಬರೀ ಸದ್ದು. ಉತ್ತರ ಕೊಡಲು ಹಿಂದಿಯ ಒಂದು ಶಬ್ದಕ್ಕಾಗಿ ತಡಕಾಡಿದೆ, ಸಿಗಲಿಲ್ಲ. ಲಸಿಕೆ ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಅಕ್ಷರ ನೋಡಿದೆ. ಕೋಳಿ ಕೆದರಿದ ಗೆರೆಗಳ ಹಾಗೆ ಕಂಡವು. ಕೊರಳಿನ ಶಿಲುಬೆ ಹಿಡಿದುಕೊಂಡು ಪ್ರಾರ್ಥನೆ ಹೇಳಲು ಹೊರಟೆ. ಹುಟ್ಟಿದಂದಿನಿಂದ ಪ್ರತಿ ಸಂಜೆ ಕೊಂಕಣಿಯಲ್ಲಿ ಹೇಳಿದ ಪ್ರಾರ್ಥನೆ. ಅದರ ಮೊದಲ ಶಬ್ದವೇ ಇರಲಿಲ್ಲ. ಕನ್ನಡವಿಲ್ಲ, ತುಳುವಿಲ್ಲ. ಒಳಗೆ ಯೋಚಿಸುತ್ತಿದ್ದುದೂ ಅದೇ ಭಾಷೆಯಲ್ಲಿ.

ಆಗ ಮಗಳ ನೆನಪಾಯಿತು. ಮುಖ ಬಂತು, ಬಿದ್ದ ಮುಂದಿನ ಹಲ್ಲು ಬಂತು, ಹಳದಿ ಫ್ರಾಕು ಬಂತು. ಹೆಸರು ಬರಲಿಲ್ಲ. ನಾನೇ ಆರಿಸಿದ ಹೆಸರು. ಗೋಡೆಗೆ ಒರಗಿ ಮತ್ತೆ ಮತ್ತೆ ಹುಡುಕಿದೆ. ಬಾಯಿ ತೆರೆದರೆ ಆ ಮನೆಯ ಮಾತೇ ಬರುತ್ತಿತ್ತು.

ಎಲ್ಲಕ್ಕಿಂತ ಹೆದರಿಕೆಯಾದದ್ದು ಬೇರೆ. ಹೊರಗೆ ಓಡಬೇಕೆಂದು ಬುದ್ಧಿ ಹೇಳುತ್ತಿತ್ತು, ಮೈ ಮಾತ್ರ ಆ ಚಾಪೆಯ ಮೇಲೆ ಹಾಯಾಗಿ ಕೂತಿತ್ತು. ಖರ್ಜೂರ ಕೊಟ್ಟರು, ತಿಂದೆ. ಯಾರೋ ನನ್ನ ಜಡೆ ಬಿಚ್ಚಿ ಬಾಚತೊಡಗಿದರು, ಬೇಡವೆನ್ನಲಿಲ್ಲ. ಮುದುಕಿ ಮರ್ಯಮ್ ನನ್ನ ಮುಂಗೈ ಹಿಡಿದು ಹತ್ತಿರ ಎಳೆದುಕೊಂಡರು. ಮೆಲ್ಲಗೆ ಏನೋ ಕೇಳಿದರು. ನಾನು ತಡಮಾಡದೆ ಉತ್ತರ ಕೊಟ್ಟೆ. ಜಡೆ ಬಾಚುತ್ತಿದ್ದ ಕೈ ನಿಂತಿತು. ಒಬ್ಬಳು ಅಳತೊಡಗಿದಳು. ಮುದುಕಿ ನನ್ನ ಹಣೆಗೆ ಮುತ್ತಿಟ್ಟು, ಬಹಳ ದಿನದಿಂದ ನಿದ್ದೆಯಿಲ್ಲದವರ ಹಾಗೆ ಅಲ್ಲೇ ಮಲಗಿಬಿಟ್ಟರು.

ಸಲ್ಮಾ ನನ್ನನ್ನು ಎಳೆದುಕೊಂಡು ದಂಡೆಗೆ ಬಂದಳು. ಅಣ್ಣನನ್ನು ಕೂಗಿ ಈಗಲೇ ಹೊರಡೋಣ ಎಂದಳು. ಅವನು ಕತ್ತಲಾಗುತ್ತಿದ್ದ ನೀರನ್ನು ತೋರಿಸಿದ. ಅಲೆಗಳು ಮೂತಿ ಬೆಟ್ಟದ ಅರ್ಧಕ್ಕೆ ಹಾರುತ್ತಿದ್ದವು. ಆ ಮನೆಗೆ ಮತ್ತೆ ಹೋಗಬಾರದೆಂದು ಸಲ್ಮಾ ದಂಡೆಯ ಮೇಲೆ ಬಲೆ ಇಡುವ ಗುಡಿಸಲಿನಲ್ಲಿ ನನ್ನನ್ನು ಮಲಗಿಸಿದಳು. ತನ್ನ ತಲೆಬಟ್ಟೆ ಬಿಚ್ಚಿ ನನ್ನ ಕೈಯನ್ನೂ ತನ್ನ ಕೈಯನ್ನೂ ಸೇರಿಸಿ ಕಟ್ಟಿದಳು. ಒಂದು ಮಾತೂ ಆಡಲಿಲ್ಲ. ಆಡಿದರೆ ನನಗೆ ತಿಳಿಯುವುದು ಆ ಭಾಷೆಯೊಂದೇ ಎಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಗಾಳಿ ಇಳಿದಿತ್ತು. ಲಾಂಚ್ ಹತ್ತುವಾಗ ಇಬ್ಬರು ಹೆಂಗಸರು ಮುದುಕಿಯನ್ನು ಹಿಡಿದುಕೊಂಡು ನೀರಿನ ಅಂಚಿಗೆ ಕರೆತಂದರು. ಮುದುಕಿ ಬಾಯಿ ತೆರೆಯುತ್ತಿದ್ದ ಹಾಗೆ ಸಲ್ಮಾ ತನ್ನ ಎರಡೂ ಅಂಗೈಗಳಿಂದ ನನ್ನ ಕಿವಿ ಮುಚ್ಚಿದಳು. ತುಟಿ ಆಡುವುದು ಮಾತ್ರ ಕಂಡಿತು.

ಮೂತಿ ಬೆಟ್ಟ ದಾಟಿದ ಮೇಲೆ ಅಣ್ಣತಂಗಿ ಆ ಹಳ್ಳಿಯ ಭಾಷೆಯಲ್ಲೇ ಮಾತಾಡಿಕೊಂಡರು. ನನಗೆ ಅರ್ಥವಾಗಲಿಲ್ಲ. ಆ ಭಾಷೆ ಹೋಯಿತು ಎಂದು ಸಂತೋಷಪಡಲೂ ನನ್ನೊಳಗೆ ಶಬ್ದವಿರಲಿಲ್ಲ. ಸ್ವಲ್ಪ ಹೊತ್ತು ಯಾವ ಭಾಷೆಯೂ ಇಲ್ಲದೆ ಕೂತಿದ್ದೆ. ಹಾಗಿರುವುದು ಹೇಗೆಂದು ಬರೆಯಲು ನನ್ನಿಂದಾಗದು. ಲಾಂಚಿನ ಅಂಚಿನಲ್ಲಿ ಕೈ ಇಳಿಬಿಟ್ಟಿದ್ದೆ. ಕೈಗೆ ತಾಗಿದ್ದು "ನೀರು" ಎಂದು ಬಂತು. ಕನ್ನಡದ ನೀರು. ಆಮೇಲೆ ಬೆಟ್ಟ, ಬಿಸಿಲು, ಸೀರೆ. ಖಸಬ್ ಮುಟ್ಟುವಷ್ಟರಲ್ಲಿ ತುಳು ಬಂತು, ಹಿಂದಿ ಬಂತು.

ಆ ಸಂಜೆ ಗಂಡನ ಫೋನ್. ಎಲ್ಲಿದ್ದೆ, ನಿನ್ನೆಯಿಂದ ಮಾಡುತ್ತಿದ್ದೇನೆ ಎಂದರು. ಕೊಂಕಣಿ ಅರ್ಥವಾಯಿತು, ಆದರೆ ಉತ್ತರ ಕನ್ನಡದಲ್ಲೇ ಬಂತು. ನಾವು ಮನೆಯಲ್ಲಿ ಕನ್ನಡ ಆಡುವವರಲ್ಲ. ಪಕ್ಕದಲ್ಲಿ ಯಾರೋ ಇದ್ದಾರೆಂದು ಅವರು ತಿಳಿದುಕೊಂಡರು. ಮಗಳಿಗೆ ಫೋನ್ ಕೊಡಿ ಎಂದೆ, ಹೆಸರು ಹೇಳಲು ಆಗಲಿಲ್ಲ.

"ತಗೋ, ರೀನಾ ಹಠ ಮಾಡ್ತಾ ಇದ್ದಾಳೆ" ಎಂದರು.

ರೀನಾ. ಅವಳು "ಮಮ್ಮಿ, ವೆನ್ ಆರ್ ಯೂ ಕಮಿಂಗ್?" ಎಂದಳು. ನಾನು ಅವಳ ಹೆಸರನ್ನೇ ಹೇಳುತ್ತ ನಿಂತೆ. ಆಚೆಯಿಂದ ಅವಳು ನಕ್ಕಳು, ಆಟವೆಂದುಕೊಂಡಳು. ಕೊಂಕಣಿ ನಾಲಿಗೆಗೆ ಮರಳಿದ್ದು ಇನ್ನೂ ಎರಡು ದಿನ ಕಳೆದ ಮೇಲೆ.

ಖಸಬ್ ಆಸ್ಪತ್ರೆಯ ವಯಸ್ಸಾದ ಡಾಕ್ಟರು ಸಮಾಧಾನವಾಗಿ ಎಲ್ಲ ಕೇಳಿ ಪರೀಕ್ಷೆ ಮಾಡಿದರು. ದಣಿವು, ನೀರು ಕುಡಿಯದಿದ್ದದ್ದು, ಮಗಳನ್ನು ಬಿಟ್ಟು ಬಂದ ಕೊರಗು, ಇವುಗಳಿಂದ ಸ್ವಲ್ಪ ಹೊತ್ತು ಮಾತು ತಪ್ಪುವುದುಂಟು ಎಂದರು. ಅವರು ಸಹಾಯ ಮಾಡಿದ್ದರಿಂದ ಕೆಲವು ತಿಂಗಳಲ್ಲಿ ಮಸ್ಕತ್ತಿಗೆ ವರ್ಗ ಸಿಕ್ಕಿತು. ಹೊರಡುವವರೆಗೂ ಲಾಂಚ್ ಹತ್ತಲಿಲ್ಲ. ಹೆಂಗಸರ ಹರಟೆ ನೆನಪಿತ್ತು, ಮುದುಕಿ ಕೇಳಿದ್ದೂ ನಾನು ಹೇಳಿದ್ದೂ ಮಾತ್ರ ಆ ಭಾಷೆಯ ಜೊತೆಗೇ ಅಳಿಸಿಹೋಗಿದ್ದವು. ಆ ದಿನ ಮುದುಕಿಗೆ ನಾನೇನು ಹೇಳಿದೆ ಎಂದು ಸಲ್ಮಾಳನ್ನು ಕೇಳಿದಾಗಲೆಲ್ಲ ಅವಳು ಎದ್ದು ಹೋಗುತ್ತಿದ್ದಳು.

ಅವಳನ್ನು ಮತ್ತೆ ಕಂಡದ್ದು ವರ್ಷಗಳ ನಂತರ, ಮಸ್ಕತ್ತಿನ ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟಿನಲ್ಲಿ. ಮಗನ ಮನೆಗೆ ಬಂದಿದ್ದಳಂತೆ. ನೀರುಳ್ಳಿ ರಾಶಿಯ ಪಕ್ಕ ಕೈ ಹಿಡಿದುಕೊಂಡು ನಿಂತೆವು. ಅವಳ ಅಣ್ಣ ತೀರಿಕೊಂಡಿದ್ದ. ಮರ್ಯಮ್ ಇದ್ದಾರಾ ಎಂದು ಕೇಳಿದೆ. ಇದ್ದಾರೆ, ಕಣ್ಣು ಪೂರ್ತಿ ಹೋಗಿದೆ ಎಂದಳು.

"ನಾನು ಹೋದಾಗಲೆಲ್ಲ, ಅವಳು ಮಾಡಿದಳಾ ಅಂತ ಕೇಳುತ್ತಾರೆ. ಇನ್ನೂ ಇಲ್ಲ ಅನ್ನುತ್ತೇನೆ."

"ಏನು ಮಾಡಬೇಕಿತ್ತು, ಸಲ್ಮಾ?"

ಅದನ್ನು ಹಿಂದಿಯಲ್ಲಿ ಹೇಳಲು ಬರುವುದಿಲ್ಲ, ಆ ಭಾಷೆಯಲ್ಲಿ ನಿನ್ನ ಮುಂದೆ ನಾನು ಹೇಳುವುದಿಲ್ಲ ಎಂದಳು. ನನ್ನ ಕೈಯನ್ನು ಒಮ್ಮೆ ಒತ್ತಿ ಮಗನ ಕಾರಿನ ಕಡೆಗೆ ನಡೆದಳು. ಕೂಗಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಆ ಡಾಕ್ಟರು ಹೇಳಿದ್ದನ್ನು ನಾನು ಈಗಲೂ ಒಪ್ಪುತ್ತೇನೆ. ಇದ್ದ ಮಾತು ಹೋಗುವುದಕ್ಕೆ ಕಾರಣಗಳಿವೆ, ಅಂಥ ರೋಗಿಗಳನ್ನು ಆಮೇಲೆ ನಾನೇ ನೋಡಿದ್ದೇನೆ. ಇಲ್ಲದ ಮಾತು ಬಂದದ್ದು ಎಲ್ಲಿಂದ ಎಂದು ಯಾರೂ ಹೇಳಿಲ್ಲ. ಆ ಮುದುಕಿ ಕೇಳಿದ್ದೇನೆಂದು ನನಗೆ ಗೊತ್ತಿಲ್ಲ, ನಾನು ಒಪ್ಪಿಕೊಂಡದ್ದೇನೆಂದೂ ಗೊತ್ತಿಲ್ಲ. ಒಪ್ಪಿಕೊಂಡೆ ಎಂಬುದು ಮಾತ್ರ ಗೊತ್ತು.