ಕಾವಿಗೆ ಕೂತ ಕೋಳಿ

ನಿನ್ನೆ ಬೆಳಗ್ಗೆ ಪಕ್ಕದ ಮನೆಯಾಕೆ ಹಿತ್ತಲಿನಲ್ಲಿ ಯಾರನ್ನೋ ಬೈಯುತ್ತಿದ್ದುದು ಕೇಳಿಸಿತು. "ಒತ್ತಾರೆಯಿಂದ ಎಲ್ಲಿ ಆಳಾಗಿ ಓಗಿದ್ದೆ? ತಿನ್ನೋ ಒತ್ಗೆ ಮಾತ್ರ ಮನೆ ಗ್ಯಾನ ಬತ್ತದಲ್ಲ ನಿಂಗೆ!" ಹೊಸದಾಗಿ ಬಂದ ಸೊಸೆಯ ಗತಿ ಇಷ್ಟು ಬೇಗ ಹೀಗಾಯಿತೇ ಎಂದು ಮರುಗಿ, ವಯಸ್ಸಾದವರಿಗಿರುವ ಸಲಿಗೆಯಿಂದ ಗೋಡೆಯಾಚೆ ಇಣುಕಿದೆ. ಸೊಸೆ ಇರಲಿಲ್ಲ. ಒಂದು ಕೋಳಿ ಕತ್ತು ವಾರೆ ಮಾಡಿಕೊಂಡು ಬೈಗುಳ ಕೇಳುತ್ತಿತ್ತು. ಬೈಯುವವಳ ಕೈಯಲ್ಲಿ ಒಂದು ಹಿಡಿ ನುಚ್ಚಿತ್ತು.

ಕೋಳಿ ಸಾಕುವವರು ಕೋಳಿಯೊಡನೆ ಆಡುವ ಮಾತನ್ನು ನೀವೂ ಕೇಳಿರಬೇಕು. ಎತ್ತನ್ನು ಹುರಿದುಂಬಿಸುತ್ತಾರೆ, ಹಸುವಿಗೆ ಕೈ ಮುಗಿಯುತ್ತಾರೆ. ಕೋಳಿಯೊಡನೆ ಮಾತ್ರ ಜಗಳವಾಡುತ್ತಾರೆ. ಜಗಳವಾಡಬೇಕಾದರೆ ಎದುರಿಗಿರುವುದಕ್ಕೂ ತಮ್ಮಷ್ಟೇ ಬುದ್ಧಿ ಇದೆಯೆಂದು ಒಪ್ಪಿಕೊಂಡ ಹಾಗೆ. ಅದೇ ಕೋಳಿಯನ್ನು ನೆಂಟರು ಬಂದ ದಿನ ಸಾರು ಮಾಡಲೂ ಅವರು ಹಿಂಜರಿಯುವುದಿಲ್ಲ. ಇವೆರಡೂ ಒಂದೇ ಮನೆಯಲ್ಲಿ ಹೇಗೆ ಇರುತ್ತವೆಂಬುದು, ಕೋಳಿ ತಿನ್ನದ ಮನೆಯಲ್ಲಿ ಹುಟ್ಟಿದ ನನಗೆ ಬಹಳ ಕಾಲ ತಿಳಿಯಲಿಲ್ಲ. ತಿಳಿಸಿಕೊಟ್ಟವಳು ದೊಡ್ಡತಾಯಮ್ಮ.

ಪತ್ರಿಕೆಯ ಕೆಲಸಕ್ಕೆ ಸೇರುವ ಮೊದಲು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ನಾನು ಮೋಜಣಿ ಕ್ಯಾಂಪಿನಲ್ಲಿ ಗುಮಾಸ್ತನಾಗಿದ್ದೆ. ಆಗ ಮೈಸೂರಿನಿಂದ ಬರುವ ರೈಲು ನಂಜನಗೂಡಿಗೆ ಮುಗಿದುಹೋಗುತ್ತಿತ್ತು. ಅಲ್ಲಿಂದಾಚೆಗೆ ಎತ್ತಿನ ಗಾಡಿ, ಇಲ್ಲವೇ ಕಾಲು. ಆ ವರ್ಷ ಹೊಲ ಅಳೆಯುವ ಕೆಲಸಕ್ಕೆಂದು ಕವಲಂದೆಯ ಕಡೆಯ ಒಂದು ಹಳ್ಳಿಯ ಹೊರಗೆ ಡೇರೆ ಹಾಕಿ ಎರಡು ತಿಂಗಳಿಗೂ ಮೀರಿ ಇದ್ದೆವು. ನನ್ನ ಬಳಿ ದಪ್ಪ ರಟ್ಟಿನ ದಿನಚರಿ ಪುಸ್ತಕವೊಂದಿತ್ತು. ಕಂಡದ್ದನ್ನೂ ಕೇಳಿದ್ದನ್ನೂ ಅದರಲ್ಲಿ ಬರೆಯುವುದು ನನ್ನ ಕೆಲಸ. ಆ ಪುಸ್ತಕ ಕಂಕುಳಲ್ಲಿದ್ದರೆ ನಾನು ಎರಡಂಗುಲ ಎತ್ತರವಾಗುತ್ತಿದ್ದೆ.

ಬಂದ ನಾಲ್ಕನೆಯ ದಿನ ನಮ್ಮ ಸಾಹೇಬರಿಗೆ ಜ್ವರ ಬಂತು. ಒಳ್ಳೆಯ ಮನುಷ್ಯರು, ಕೋಳಿ ಸಾರು ಕುಡಿದರೆ ಬೆವರು ಬಿಟ್ಟೀತು ಎಂದು ಮೆಲ್ಲಗೆ ಹೇಳಿದರು, ಅಷ್ಟೆ. ಊರಿನ ತಳವಾರ ಸಿದ್ದನನ್ನು ಕರೆದುಕೊಂಡು ನಾನು ಕೋಳಿ ಹುಡುಕಲು ಹೊರಟೆ. ಊರಿನಲ್ಲಿ ಒಂದೂ ಕೋಳಿ ಇರಲಿಲ್ಲ. ಬೀದಿಯ ತುಂಬ ಪುಕ್ಕವಿತ್ತು, ಹಿಕ್ಕೆಯಿತ್ತು, ತಿಪ್ಪೆಯನ್ನು ಆಗ ತಾನೇ ಕೆದರಿದ ಗುರುತಿತ್ತು. ಕೇಳಿದರೆ ಎಲ್ಲರೂ, "ಕ್ವಾಳಿಯಾ? ನಮ್ಮೂರ್ನಲ್ಲಿ ಕ್ವಾಳಿ ಎಲ್ ಬಂದೊ ಬುದ್ದಿ?" ಎಂದು ನನ್ನನ್ನೇ ಕೇಳುವರು. ಡೇರೆಯ ಗಾಡಿ ಕಂಡ ಕೂಡಲೇ ಊರಿನ ಕೋಳಿಗಳೆಲ್ಲ ಮಂಕರಿಯ ಕೆಳಗೆ, ಕಾಳು ತುಂಬುವ ಹಗೇವಿನೊಳಗೆ, ಅಟ್ಟದ ಮೇಲೆ ಸೇರುವುದು ರೂಢಿಯೆಂದು ಸಿದ್ದ ನನಗೆ ಆಮೇಲೆ ಹೇಳಿದ.

ಒಂದು ಕೋಳಿ ಮಾತ್ರ ಬಚ್ಚಿಟ್ಟುಕೊಂಡಿರಲಿಲ್ಲ. ದೊಡ್ಡತಾಯಮ್ಮನ ಜಗಲಿಯ ಮೂಲೆಯಲ್ಲಿ ಹೊಟ್ಟು ತುಂಬಿದ ಮಂಕರಿಯೊಳಗೆ ಮೊಟ್ಟೆಗಳ ಮೇಲೆ ಕೂತಿತ್ತು. ಬೂದಿ ಬಣ್ಣ, ಅರೆಮುಚ್ಚಿದ ಕಣ್ಣು. ಕಾವಿಗೆ ಕೂತ ಕೋಳಿಯನ್ನು ಎತ್ತಿ ಬೇರೆಡೆ ಇಟ್ಟರೆ ಅದು ಮತ್ತೆ ಕೂರದೆ ಹೋಗಬಹುದು, ಮೊಟ್ಟೆಗಳೆಲ್ಲ ಹಾಳು. ದೊಡ್ಡತಾಯಮ್ಮನ ಚೊಚ್ಚಲ ಬಸುರಿ ಮಗಳು ತಿರುಮಕೂಡಲು ನರಸೀಪುರದ ಗಂಡನ ಮನೆಯಿಂದ ಹೆರಿಗೆಗೆ ಬರುವವಳಿದ್ದಳು. ಬಾಣಂತಿಯ ಸಾರಿಗೆ ಮರಿಗಳು ಬೇಕು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನಾನು ಕಂಡದ್ದು ಒಂದು ಕೋಳಿ.

"ಇದನ್ನು ಕೊಡು ತಾಯಿ," ಎಂದೆ.

ದೊಡ್ಡತಾಯಮ್ಮ ಸೆರಗು ಸಿಕ್ಕಿಸಿಕೊಂಡು ಮಂಕರಿಗೆ ಅಡ್ಡ ನಿಂತಳು. ಕೋಳಿಯ ಕಡೆಗೆ ಕೈ ತೋರಿಸಿ, "ಇದು ಮಾರಮ್ಮನ್ಗೆ ಬುಟ್ಟಿರೋ ಕ್ವಾಳಿ ಬುದ್ದಿ," ಎಂದಳು.

ಸಿದ್ದ ಕೆನ್ನೆ ಬಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ನಾನು ಪುಸ್ತಕ ತೆರೆದು ಬರೆದೆ: 'ಒಂದು ಬೂದಿ ಕೋಳಿ. ಮಾರಮ್ಮನ ಹರಕೆಯದು.' ಸಾಹೇಬರಿಗೆ ಆ ದಿನ ಮೆಣಸಿನ ಸಾರು. ಬೆವರು ಅದರಿಂದಲೂ ಬಂತು.

ಮೂರು ದಿನದ ಮೇಲೆ ದೊಡ್ಡತಾಯಮ್ಮ ಡೇರೆಯ ಬಳಿ ಬಂದಳು. ಸೊಂಟದಲ್ಲಿ ಒಂದು ಕುಂಬಳಕಾಯಿ. ಅದನ್ನು ನನ್ನ ಮುಂದಿಟ್ಟು, "ಅವತ್ತು ಬರ್ಕಂಡ್ರಲ್ಲ ಬುದ್ದಿ, ಅದ್ನ ಒಸಿ ಅಳಿಸ್ಬುಡಿ," ಎಂದಳು.

"ಸರ್ಕಾರದ ಪುಸ್ತಕ. ಬರೆದದ್ದನ್ನು ಅಳಿಸುವ ಹಾಗಿಲ್ಲ."

"ಸುಳ್ಳು ಬರ್ದಿದ್ರೂವೆ?"

"ನಾನು ಬರೆದದ್ದು ನೀನು ಹೇಳಿದ್ದನ್ನು. ಅದು ನಿಜವೋ ಸುಳ್ಳೋ ನಿನಗೇ ಗೊತ್ತು."

"ನಂಗೂ ಗೊತ್ತು, ಕ್ವಾಳಿಗೂ ಗೊತ್ತು," ಎಂದು ನಿಟ್ಟುಸಿರು ಬಿಟ್ಟಳು. "ಅರಕೆನೂ ಇಲ್ಲ ಏನೂ ಇಲ್ಲ. ನಿಮ್ ಕೈಯಿಂದ ತಪ್ಸೋಕೆ ಬಾಯಿಗೆ ಬಂದಿದ್ದ ಅಂದ್ಬುಟ್ಟೆ. ಆ ಸಿದ್ದ ಸಂಜೆಯೊತ್ಗೆ ಊರ್ಗೆಲ್ಲ ಸಾರ್ಬುಟ್ಟ. ನೀವು ಬರ್ದ್ಬುಟ್ರಿ. ಈಗ ಕೊಡ್ದೆ ಇದ್ರೆ ಮಾರಮ್ಮ ತಾಯಿ ಸುಮ್ಕಿದ್ದಾಳಾ? ಮಗ್ಳು ಚೊಚ್ಚಲ ಬಸ್ರಿ."

ಬೇರೊಂದು ಕೋಳಿಯನ್ನು ಕೊಟ್ಟರಾಗದೇ ಎಂದೆ. ಕೈ ತೋರಿಸಿ ಇದೇ ಎಂದು ಹೇಳಿದ ಮೇಲೆ ಬೇರೆಯದು ನಡೆಯುವುದಿಲ್ಲವಂತೆ. ಒಂದು ಕೋಳಿಗಾಗಿ ಇಷ್ಟು ಸಂಕಟವೇ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಉಂಜ ಆಗಿದ್ರೆ ಇವತ್ತೇ ಕುಯ್ಯಿ ಅಂತಿದ್ದೆ. ಇದು ಅಂಗಲ್ಲ. ನಮ್ ಯಜಮಾನ ಯುಗಾದಿಗೊಂದು ಮಾತು, ದೀಪಾವಳಿಗೊಂದು ಮಾತು. ಮಗ್ಳು ಗಂಡನ್ ಮನ್ಗೆ ಓದ್ಮೇಲೆ ಬೈಯೋಕೆ ಅಂತ ಮನೇಲಿ ಇರೋದು ಇದೊಂದೆ."

ನಾನು ಅಳಿಸಲಿಲ್ಲ. ಇಪ್ಪತ್ತೊಂದರ ಹರೆಯದಲ್ಲಿ ಮನುಷ್ಯನಿಗೆ ನಿಯಮವೆಂದರೆ ಬಹಳ ಪ್ರೀತಿ. ಅವಳು ಕುಂಬಳಕಾಯಿಯನ್ನು ಅಲ್ಲೇ ಬಿಟ್ಟು ಹೋದಳು; ಅದೇ ನನಗೆ ಹೆಚ್ಚು ಚುಚ್ಚಿತು.

ವಾರ ಕಳೆಯುವುದರೊಳಗೆ ಮರಿ ಆದವು. ಎಷ್ಟು ಎಂದು ಕೇಳಿದ್ದಕ್ಕೆ, "ಅವೆ ಒಸಿ," ಎಂದಳು. ಮರಿಗಳನ್ನು ಎಣಿಸಿ ಹೇಳಿದರೆ ದೃಷ್ಟಿ ತಾಗುತ್ತದಂತೆ. ಅಷ್ಟರಲ್ಲಿ ಊರಿನ ಕಟ್ಟೆಯ ಮೇಲೆ ದೊಡ್ಡ ಚರ್ಚೆ: ಕೋಳಿ ಮಾರಮ್ಮನದಾದರೆ ಮರಿಗಳು ಯಾರವು? ಮಾರಮ್ಮನ ಪೂಜೆ ಮಾಡುವ ಮುದುಕ ಗುಡ್ಡಪ್ಪ ತೀರ್ಪು ಕೊಟ್ಟ. ಮೊಟ್ಟೆ ಇಟ್ಟದ್ದು ಮಾತು ಆಡುವುದಕ್ಕೆ ಮುಂಚೆ, ಆದ್ದರಿಂದ ಮರಿಗಳು ದೊಡ್ಡತಾಯಮ್ಮನವು. ಅವು ತಾಯನ್ನು ಬಿಟ್ಟು ಮೇಯುವ ತನಕ ಕೋಳಿಯೂ ಮನೆಯಲ್ಲೇ ಇರಲಿ. ಆಮೇಲೆ ಬರುವ ಮಂಗಳವಾರ ಗುಡಿಗೆ ತರಬೇಕು. ದೊಡ್ಡ ಕಛೇರಿಗಳಲ್ಲೂ ಇಷ್ಟು ಸ್ಪಷ್ಟವಾದ ತೀರ್ಪನ್ನು ನಾನು ಹೆಚ್ಚು ಕೇಳಿಲ್ಲ.

ಆ ಮಂಗಳವಾರ ನಾನೂ ಹೋದೆ. ಅಲ್ಲಿಯ ಪದ್ಧತಿ ಹೀಗೆ: ಬಲಿ ಕೊಡುವ ಮೊದಲು ಕೋಳಿಯ ಮೇಲೆ ಬೇವಿನ ಸೊಪ್ಪಿನಿಂದ ನೀರು ಚಿಮುಕಿಸುತ್ತಾರೆ. ಅದು ಮೈ ಒದರಿದರೆ ತಾಯಿ ಒಪ್ಪಿದಳೆಂದು ಅರ್ಥ. ಒದರದಿದ್ದರೆ ಮುಟ್ಟುವ ಹಾಗಿಲ್ಲ. ಮೂರು ಸಲ ನೋಡುತ್ತಾರೆ. ಒದರದ ಕೋಳಿಯನ್ನು ತಾನು ಹುಟ್ಟಿದಂದಿನಿಂದ ಕಂಡಿಲ್ಲವೆಂದು ಸಿದ್ದ ಹೇಳಿದ್ದ.

ದೊಡ್ಡತಾಯಮ್ಮ ಎರಡು ಕಂಕುಳಲ್ಲೂ ಒಂದೊಂದು ಕೋಳಿ ಇರುಕಿಕೊಂಡು ಬಂದಳು. ಒಂದು ಬೂದಿ ಕೋಳಿ, ಇನ್ನೊಂದು ಕೆಂಪು ಹುಂಜ. ಯಾಕೆ ಎರಡು ಎಂದು ಯಾರೂ ಕೇಳಲಿಲ್ಲ. ಗುಡ್ಡಪ್ಪ ಬೂದಿ ಕೋಳಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಗುಡಿಯ ಮುಂದೆ ಬಿಟ್ಟ. ಬಿಟ್ಟವನು ತನ್ನ ಅಂಗೈ ನೋಡಿಕೊಂಡ. ನೀರು ಚಿಮುಕಿಸಿದ. ನೀರು ಪುಕ್ಕದ ಮೇಲೆ ಮಣಿಮಣಿಯಾಗಿ ಉರುಳಿ ಕೆಳಗೆ ಬಿತ್ತು. ಕೋಳಿ ಕಣ್ಣು ಮಿಟುಕಿಸಿತು. ಎರಡನೆಯ ಸಲ ಒಂದು ಹೆಜ್ಜೆ ಇಟ್ಟಿತು. ಮೂರನೆಯ ಸಲ ಜನರ ಉಸಿರು ನನಗೆ ಕೇಳಿಸುತ್ತಿತ್ತು. ದೊಡ್ಡತಾಯಮ್ಮ ಹುಂಜದ ಕಾಲುಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದು ಕೂಗಿಕೊಂಡಿತು. ಬೂದಿ ಕೋಳಿ ನೆಲದ ಮೇಲಿನ ಒಂದು ಅಕ್ಷತೆ ಕಾಳನ್ನು ಹೆಕ್ಕಿ ನುಂಗಿತು.

"ಒದರ್ನಿಲ್ಲ ಕಣ್ರಪ್ಪೋ!" ಎಂದ ಸಿದ್ದ.

ಗುಡ್ಡಪ್ಪ ಅಂಗೈಗಳನ್ನು ಪಂಚೆಗೆ ಒರೆಸಿದ. ಬಿಳಿ ಬಟ್ಟೆಯ ಮೇಲೆ ಎರಡು ಜಿಡ್ಡಿನ ಗುರುತು. ದೊಡ್ಡತಾಯಮ್ಮನನ್ನು ಒಮ್ಮೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ತಾಯಿ ಒಲ್ಲೆ ಅಂತವ್ಳೆ," ಎಂದ ಜೋರಾಗಿ. "ಎತ್ಕೊಂಡೋಗವ್ವ ನಿನ್ ಕ್ವಾಳಿಯ. ಬದ್ಲಿಗೆ ಆ ಉಂಜ ಇತ್ಲಾಗ್ ಕೊಡು."

ಹುಂಜ ಮೊದಲನೆಯ ಹನಿಗೇ ಮೈ ಒದರಿತು. ದೊಡ್ಡತಾಯಮ್ಮ ಅದರ ಕಡೆಗೆ ತಿರುಗಿಯೂ ನೋಡಲಿಲ್ಲ.

ವಾಪಸು ಬರುವಾಗ ನಾನು ಅವಳ ಜೊತೆ ಹೆಜ್ಜೆ ಹಾಕಿದೆ. "ನಿನ್ನ ಕೋಳಿಯ ಮೈಯಿಂದ ಹರಳೆಣ್ಣೆ ವಾಸನೆ ಬರುತ್ತಿದೆಯಲ್ಲ?"

"ಬುದ್ದೀರು ಕ್ವಾಳಿ ಅತ್ರುಕೇ ಬರಾಕಿಲ್ಲ ಅಂದ್ಕಂಡಿದ್ದೆ," ಎಂದಳು, ನಗದೆ.

"ಗುಡ್ಡಪ್ಪನಿಗೆ ಗೊತ್ತಾಯಿತು."

"ಗುಡ್ಡಪ್ಪನ್ಗೇನು, ತಾಯ್ಗೂ ಗೊತ್ತಾಗ್ಯದೆ. ಗೊತ್ತಿದ್ದೂ ಸುಮ್ಕಿರದಿದ್ರೆ ಅವ್ಳ್ನ ಯಾಕೆ ತಾಯಿ ಅಂತಿದ್ವಿ?" ಎಂದು ಹೇಳಿ, ಕಂಕುಳಲ್ಲಿದ್ದ ಕೋಳಿಯ ಕಡೆಗೆ ತಿರುಗಿ, "ಅಲ್ಲೂ ತಿನ್ನೋದೇ ಗ್ಯಾನ ಅಲ್ವೇನೆ ನಿಂಗೆ, ಒಟ್ಟೆಬಾಕಿ!" ಎಂದು ಶುರುಮಾಡಿದಳು. ಅವಳ ಮನೆ ಬರುವ ತನಕ ಆ ಬೈಗುಳ ನಿಲ್ಲಲಿಲ್ಲ.

ಡೇರೆಯಲ್ಲಿ ಸಾಹೇಬರು ಏನಾಯಿತೆಂದು ಕೇಳಿದರು. "ಕೋಳಿ ಒದರಲಿಲ್ಲ," ಎಂದೆ. ಪುಸ್ತಕದಲ್ಲಿಯೂ ಅಷ್ಟನ್ನೇ ಬರೆದೆ. ಪ್ರತಿಯೊಂದು ಅಕ್ಷರವೂ ನಿಜ. ಮರುವಾರ ಡೇರೆ ಎತ್ತಿ ನರಸೀಪುರದ ಕಡೆಗೆ ಹೋದೆವು. ಆ ಮಗಳಿಗೆ ಹೆಣ್ಣು ಕೂಸಾಯಿತೆಂದೂ, ತಾಯಿ ಮಗು ಚೆನ್ನಾಗಿದ್ದಾರೆಂದೂ ಆಮೇಲೊಮ್ಮೆ ನಂಜನಗೂಡಿನ ಸಂತೆಯಲ್ಲಿ ಸಿಕ್ಕಿದ ಸಿದ್ದ ಹೇಳಿದ.

ಆಮೇಲಿನ ವರ್ಷಗಳೆಲ್ಲ ಪತ್ರಿಕೆಯಲ್ಲಿ ಕಳೆದವು. ಯಾರು, ಏನು, ಎಲ್ಲಿ, ಯಾವಾಗ ಎಂಬುದರಲ್ಲಿ ಒಂದು ತಪ್ಪಿದರೂ ಸುದ್ದಿಯನ್ನು ಹಿಂದಕ್ಕೆ ಕಳಿಸುತ್ತಿದ್ದೆ. ನನ್ನ ಕೈಕೆಳಗೆ ಕೆಲಸ ಮಾಡಿದವರು ಇದನ್ನು ಇನ್ನೂ ಮರೆತಿಲ್ಲ. ಅವರಲ್ಲಿ ಯಾರಾದರೂ ಈಗ ಇದನ್ನು ಓದಿದರೆ, ಮುದುಕ ನಿಯಮ ಮರೆತ ಎಂದುಕೊಂಡಾರು. ಹೆಸರುಗಳನ್ನು ಬದಲಿಸಿದ್ದೇನೆ. ಊರಿನ ಹೆಸರನ್ನಂತೂ ಬರೆದೇ ಇಲ್ಲ. ಆ ಗುಡಿಯಲ್ಲಿ ಈಗಲೂ ಮಂಗಳವಾರ ನೀರು ಚಿಮುಕಿಸುತ್ತಾರೆ. ಇನ್ನೊಬ್ಬಳಿಗೆ ಯಾವತ್ತಾದರೂ ಆ ಹರಳೆಣ್ಣೆ ಬೇಕಾದೀತು.