ಎತ್ತರವಿಲ್ಲದ ಲೋಕದ ಮೇಷ್ಟ್ರು

ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಭೌತಶಾಸ್ತ್ರದ ಮೇಷ್ಟ್ರು ಎಂಥ ಕಗ್ಗಂಟು ಬಂದರೂ ಕನ್ನಡಕ ಹಣೆಗೇರಿಸಿ, "ಮೊದ್ಲು ಚಿಕ್ಕದು ಮಾಡ್ಕೊಳ್ರಿ" ಅನ್ನುತ್ತಿದ್ದರು. ಗುರುತ್ವಾಕರ್ಷಣೆಯ ಲೆಕ್ಕ ಬಿಡಿಸಲು ಎತ್ತರವನ್ನೇ ತೆಗೆದುಹಾಕಿ, ಬರೀ ಉದ್ದ ಅಗಲದ ಲೋಕವೊಂದನ್ನು ಕಟ್ಟಿಕೊಂಡಿದ್ದರು.

"ಆ ಲೋಕದಾಗೆ ಯಾವುದೂ ಯಾವುದನ್ನೂ ಎಳೆಯಲ್ರಿ," ಅಂದರು ಒಂದು ಸಂಜೆ.

"ಹಂಗಾದ್ರೆ ಎಲ್ಲಾ ದೂರಾನೇ ಉಳೀತಾವಲ್ಲ ಮೇಷ್ಟ್ರೇ," ಅಂದೆ. ಹೊನ್ನಾಳಿಯಲ್ಲಿರುವ ತಂಗಿಯ ಜೊತೆ ಮಾತು ಬಿಟ್ಟ ಸಿಟ್ಟು ನನ್ನ ದನಿಯಲ್ಲಿತ್ತು.

ಮೇಷ್ಟ್ರು ಖಾಲಿ ಮಂಡಕ್ಕಿ ಪೊಟ್ಟಣ ಬಿಡಿಸಿ, ಆ ಕಾಗದದ ಮೇಲೆ ಅಕ್ಕಪಕ್ಕ ಎರಡು ನೆಟ್ಟನೆ ಗೆರೆ ಹಾಕಿದರು. ಗೆರೆಗಳ ನಡುವಿನಿಂದ ತ್ರಿಕೋನದ ಚೂರೊಂದನ್ನು ಹರಿದು ತೆಗೆದು, ಅಂಚಿಗೆ ಅಂಚು ಸೇರಿಸಿ ಮತ್ತೆ ಪೊಟ್ಟಣ ಮಾಡಿದರು. ಗೆರೆಗಳು ಕೂಡಿಬಿಟ್ಟವು.

"ಯಾರೂ ಎಳೀಲಿಲ್ಲ ನೋಡ್ರಿ. ಭಾರ ಇದ್ದ ಕಡೆ ಒಂದು ಚೂರು ಜಾಗ ಮಾಯ ಆಗ್ತೈತೆ, ಅಷ್ಟೇ."

ಮರುದಿನ ನಾನು ಹೊನ್ನಾಳಿಗೆ ಹೋಗಿ ಬಸ್ಸಿಳಿದರೆ, ಚನ್ನಗಿರಿ ಬಸ್ಸಿಗೆ ಕಾಯುತ್ತಾ ತಂಗಿ ನಿಂತಿದ್ದಳು.